ಕಣ್ಣಿಗಿಂತ ಮೊದಲು ಲೆಕ್ಕ ಕಂಡದ್ದು

ನಿದ್ದೆ ಬಾರದ ರಾತ್ರಿ ನಾನು ನಾಡಿ ಎಣಿಸುತ್ತೇನೆ. ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳು ಇಟ್ಟು, ಗಡಿಯಾರದ ಸದ್ದು ಕೇಳುತ್ತಾ, ಒಂದು ನಿಮಿಷ. ಸಾಮಾನ್ಯವಾಗಿ 70ರ ಹತ್ತಿರ ಬರುತ್ತದೆ. ಅಷ್ಟಕ್ಕೇ ಬಿಟ್ಟರೆ ಅದು ಬರೀ ಒಂದು ಸಂಖ್ಯೆ. ಒಂದು ಹೆಜ್ಜೆ ಮುಂದೆ ಹೋಗಿ ನೋಡಿ. ಪ್ರತಿ ಬಡಿತಕ್ಕೆ ಹೃದಯ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರಗೆ ತಳ್ಳುತ್ತದೆ. 70 ಬಡಿತ, ಒಂದೊಂದಕ್ಕೆ 70 ಮಿಲಿಲೀಟರ್. ಹೆಚ್ಚುಕಡಿಮೆ 5 ಲೀಟರ್ ಆಯಿತು, ಒಂದೇ ನಿಮಿಷಕ್ಕೆ. ಗಂಟೆಗೆ 300 ಲೀಟರ್. ಬೆಳಗಾಗಿ ಮತ್ತೆ ರಾತ್ರಿಯಾಗುವಷ್ಟರಲ್ಲಿ 7,000 ಲೀಟರ್.

ಆದರೆ ದೊಡ್ಡವರೊಬ್ಬರ ಮೈಯಲ್ಲಿ ಇರುವ ರಕ್ತವೇ ಸುಮಾರು 5 ಲೀಟರ್. ಹಾಗಾದರೆ ಈ 7,000 ಲೀಟರ್ ಎಲ್ಲಿಂದ ಬಂತು? ಎಲ್ಲಿಗೆ ಹೋಯಿತು?

ಉತ್ತರ ನಮಗೆಲ್ಲ ಗೊತ್ತು. ಅದೇ ರಕ್ತ ಸುತ್ತಿ ಸುತ್ತಿ ಬರುತ್ತದೆ. ಆದರೆ ಇದು ಗೊತ್ತಿಲ್ಲದ ಕಾಲವೊಂದಿತ್ತು, ಮತ್ತು ಅದು ಬಹಳ ಉದ್ದದ ಕಾಲ. ಎರಡನೇ ಶತಮಾನದ ವೈದ್ಯ ಗೇಲೆನ್ ಹೇಳಿದ್ದೇ ಬೇರೆ. ತಿಂದ ಆಹಾರದಿಂದ ಪಿತ್ತಜನಕಾಂಗ ರಕ್ತ ತಯಾರಿಸುತ್ತದೆ, ಅದು ಮೈಯೆಲ್ಲಾ ಹರಿದು ಅಲ್ಲಲ್ಲೇ ಖರ್ಚಾಗಿ ಹೋಗುತ್ತದೆ ಎಂದು. ಹೊಲಕ್ಕೆ ಬಿಟ್ಟ ನೀರು ಮಣ್ಣಲ್ಲಿ ಇಂಗಿದ ಹಾಗೆ. ಯುರೋಪಿನ ವೈದ್ಯರು 1,400 ವರ್ಷ ಇದನ್ನೇ ಕಲಿತರು, ಇದನ್ನೇ ಕಲಿಸಿದರು. ಅವರೇನೂ ದಡ್ಡರಲ್ಲ. ಹೆಣ ಕುಯ್ದು ನೋಡಿದರೂ ರಕ್ತ ಸುತ್ತುವುದು ಕಾಣುವುದಿಲ್ಲವಲ್ಲ.

1628ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಾರ್ವೆ ತನ್ನ ಪುಸ್ತಕದಲ್ಲಿ ಮಾಡಿದ್ದು ನಾನು ರಾತ್ರಿ ಮಾಡುವ ಇದೇ ಗುಣಾಕಾರ. ಅವನ ಹತ್ತಿರ ಇವತ್ತಿನ ಅಳತೆಗಳು ಇರಲಿಲ್ಲ. ಹಾಗಾಗಿ ಬೇಕಂತಲೇ ತೀರಾ ಕಡಿಮೆ ಅಂದಾಜು ಹಿಡಿದ. ಒಂದು ಬಡಿತಕ್ಕೆ ಇಷ್ಟೇ ಇಷ್ಟು ರಕ್ತ ಹೋಗುತ್ತದೆ ಅಂತಲೇ ಇಟ್ಟುಕೊಳ್ಳೋಣ, ಅರ್ಧ ಗಂಟೆಯಲ್ಲಿ ಹೃದಯ ಸಾವಿರಕ್ಕೂ ಜಾಸ್ತಿ ಸಲ ಬಡಿಯುತ್ತದೆ, ಗುಣಿಸಿ ನೋಡಿ ಎಂದ. ಆ ಕಡಿಮೆ ಅಂದಾಜಿನಲ್ಲೂ ಅರ್ಧ ಗಂಟೆಗೆ ಬಂದ ಮೊತ್ತ ಇಡೀ ಮೈಯಲ್ಲಿರುವ ರಕ್ತಕ್ಕಿಂತ ಜಾಸ್ತಿ. ಅಷ್ಟು ರಕ್ತ ತಯಾರಾಗುವಷ್ಟು ಊಟ ಯಾರೂ ಮಾಡಲಾರರು. ಹಾಗಾಗಿ ಅದು ಹಿಂದಕ್ಕೆ ಬರಲೇಬೇಕು. ಬೇರೆ ದಾರಿಯೇ ಇಲ್ಲ.

ಇಲ್ಲೊಂದು ತೊಡಕಿತ್ತು. ಹೃದಯದಿಂದ ಹೊರಡುವ ನಾಳಗಳೂ ಕಾಣುತ್ತವೆ, ಹೃದಯಕ್ಕೆ ಬರುವ ನಾಳಗಳೂ ಕಾಣುತ್ತವೆ. ಇವೆರಡನ್ನೂ ಸೇರಿಸುವ ದಾರಿ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಾರ್ವೆಯ ಕಣ್ಣಿಗೂ ಬೀಳಲಿಲ್ಲ. 1657ರಲ್ಲಿ ಅವನು ತೀರಿಕೊಂಡ. ನಾಲ್ಕು ವರ್ಷದ ನಂತರ, 1661ರಲ್ಲಿ, ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಸೂಕ್ಷ್ಮದರ್ಶಕದಡಿ ಕಪ್ಪೆಯ ಶ್ವಾಸಕೋಶ ಇಟ್ಟು ನೋಡಿದಾಗ ಕೂದಲಿಗಿಂತ ಸಣ್ಣ ನಾಳಗಳ ಬಲೆ ಕಾಣಿಸಿತು. ಇವತ್ತು ಲೋಮನಾಳ ಅನ್ನುತ್ತೇವಲ್ಲ, ಅವು.

ಅಂದರೆ ಲೋಮನಾಳವನ್ನು ಮೊದಲು ಕಂಡದ್ದು ಕಣ್ಣಲ್ಲ, ಗುಣಾಕಾರ. 33 ವರ್ಷ ಮೊದಲೇ.

ಈ ಒಂದು ಸಂಗತಿ ನನ್ನ ತಲೆಯಲ್ಲಿ ಕೂತ ಮೇಲೆ ಜೀವಶಾಸ್ತ್ರವನ್ನು ನಾನು ಓದುವ ರೀತಿಯೇ ಬದಲಾಯಿತು. ಶಾಲೆಯಲ್ಲಿ ನಮಗೆ ಸಿಕ್ಕ ಪಾಠ ಬೇರೆ ಥರದ್ದು. ಗಣಿತ ಕಷ್ಟ ಅನ್ನುವವರು ಜೀವಶಾಸ್ತ್ರ ತಗೊಳ್ಳಿ, ಚಿತ್ರ ಬರೆದು ಹೆಸರು ಗುರುತಿಸಿದರೆ ಸಾಕು ಎಂದು ಮೇಷ್ಟ್ರೇ ಹೇಳುತ್ತಿದ್ದರು. ನಾನು ಹಾಗೇ ನಂಬಿದೆ. ಎಲೆಯ ಅಡ್ಡಸೀಳಿಕೆ, ಹೃದಯದ ನಾಲ್ಕು ಕೋಣೆ, ಬಣ್ಣದ ಪೆನ್ಸಿಲ್ಲಲ್ಲಿ ಚೆಂದವಾಗಿ ಬರೆದೆ. ಆ ನಾಲ್ಕು ಕೋಣೆಗಳ ಚಿತ್ರದ ಪಕ್ಕದಲ್ಲಿ ಒಂದೇ ಒಂದು ಗುಣಾಕಾರ ಮಾಡಿಸಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ. ನಷ್ಟ ನನ್ನೊಬ್ಬನದೇ ಅಲ್ಲ, ನಮ್ಮ ಇಡೀ ತರಗತಿಯದು.

ಮೆಂಡಲ್‌ನ ಬಟಾಣಿ ಕತೆ ಬಹುತೇಕ ಎಲ್ಲರೂ ಓದಿರುತ್ತಾರೆ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಎರಡು ಥರದ ಬಟಾಣಿ ಬೆರೆಸಿ, ಮೊಮ್ಮಕ್ಕಳ ತಲೆಮಾರಿನಲ್ಲಿ ಅವನು ಎಣಿಸಿದ್ದು ಇಷ್ಟು. ಗುಂಡು ಬೀಜ 5,474, ಸುಕ್ಕು ಬೀಜ 1,850. ಭಾಗಿಸಿದರೆ 2.96. ಹಳದಿ 6,022, ಹಸಿರು 2,001. ಭಾಗಿಸಿದರೆ 3.01. ಎಣಿಸಿದ್ದು ಬೀಜಗಳನ್ನು, ಆದರೆ ಮೂರಕ್ಕೊಂದು ಅನ್ನುವ ಆ ಲೆಕ್ಕ ಹೇಳಿದ್ದು ಬೀಜದ ಒಳಗಿನ ಮಾತನ್ನು. ಪ್ರತಿ ಗುಣಕ್ಕೂ ಎರಡೆರಡು ಪ್ರತಿಗಳಿವೆ, ತಂದೆಯಿಂದೊಂದು, ತಾಯಿಯಿಂದೊಂದು. ಇದು ಪ್ರಕಟವಾದದ್ದು 1866ರಲ್ಲಿ. ಜೀನ್ ಅನ್ನುವ ಪದವೇ ಆಗ ಇರಲಿಲ್ಲ.

ನಾನು ನಿಂತು ಹೇಳಬೇಕೆಂದಿರುವುದು ಅದರ ಮುಂದಿನ ಕತೆ.

1908ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಒಂದು ವಾದ ಎದ್ದಿತು. ಎರಡು ಪ್ರತಿಗಳಲ್ಲಿ ಒಂದಿದ್ದರೂ ಮೇಲೆ ಕಾಣುವ ಗುಣಕ್ಕೆ ಪ್ರಬಲ ಗುಣ ಅನ್ನುತ್ತಾರೆ. ಅದು ಪ್ರಬಲವೇ ಆಗಿದ್ದರೆ, ತಲೆಮಾರು ಕಳೆದಂತೆ ಅದೇ ಎಲ್ಲರಲ್ಲೂ ಹರಡಿಕೊಳ್ಳಬೇಕಲ್ವಾ? ಮೊಂಡು ಬೆರಳು ಪ್ರಬಲ ಗುಣ. ಹಾಗಿದ್ದರೆ ಜನರಲ್ಲಿ ಮುಕ್ಕಾಲು ಪಾಲು ಮೊಂಡು ಬೆರಳಿನವರು ಯಾಕಿಲ್ಲ? ತಳಿಶಾಸ್ತ್ರದ ರೆಜಿನಾಲ್ಡ್ ಪನೆಟ್‌ಗೆ ಉತ್ತರ ಹೊಳೆಯಲಿಲ್ಲ. ತನ್ನ ಜೊತೆ ಕ್ರಿಕೆಟ್ ಆಡುತ್ತಿದ್ದ ಗಣಿತಜ್ಞನನ್ನು ಕೇಳಿದ. ಆ ಗಣಿತಜ್ಞ ಜಿ. ಎಚ್. ಹಾರ್ಡಿ. ಹೌದು, ಐದು ವರ್ಷದ ನಂತರ ರಾಮಾನುಜನ್ ಅವರ ಪತ್ರ ತಲುಪಿದ್ದು ಇದೇ ಹಾರ್ಡಿಗೆ. ಹಾರ್ಡಿ ಒಂದು ಪುಟ್ಟ ಪತ್ರ ಬರೆದು ತೋರಿಸಿಬಿಟ್ಟ: ಆಯ್ಕೆ, ವಲಸೆ ಇಂಥವು ಏನೂ ನಡೆಯದಿದ್ದರೆ ಯಾವ ಗುಣವೂ ತಾನಾಗಿ ಹೆಚ್ಚುವುದಿಲ್ಲ, ಕಡಿಮೆಯಾಗುವುದೂ ಇಲ್ಲ. ಪ್ರಬಲ ಅಂದರೆ ಮೇಲೆ ಕಾಣುತ್ತದೆ ಅಂತ, ಹಬ್ಬುತ್ತದೆ ಅಂತಲ್ಲ. ಅದೇ ವರ್ಷ ಜರ್ಮನಿಯ ವೈದ್ಯ ವೈನ್‌ಬರ್ಗ್ ಕೂಡ ತನ್ನ ಪಾಡಿಗೆ ತಾನು ಇದನ್ನೇ ಕಂಡುಕೊಂಡಿದ್ದ.

ಲೆಕ್ಕ ನಿಜಕ್ಕೂ ಸುಲಭ. ಒಂದು ಜೀನಿನ ಎರಡು ಪ್ರತಿಯೂ ಕೆಟ್ಟಿದ್ದರೆ ಮಾತ್ರ ಬರುವ ಒಂದು ಕಾಯಿಲೆ ಇದೆ ಅಂದುಕೊಳ್ಳಿ. 10,000 ಮಂದಿಗೆ ಒಬ್ಬರಿಗೆ ಬರುತ್ತದೆ. ಬಹಳ ಅಪರೂಪ ಅನ್ನಿಸುತ್ತದೆ. ಎರಡೂ ಪ್ರತಿ ಕೆಟ್ಟಿರುವ ಸಾಧ್ಯತೆ 10,000ಕ್ಕೆ ಒಂದು ಎಂದರೆ, ಒಂದು ಪ್ರತಿ ಕೆಟ್ಟಿರುವ ಸಾಧ್ಯತೆ 100ಕ್ಕೆ ಒಂದು, ಯಾಕೆಂದರೆ ನೂರು ಸಲ ನೂರು ಹತ್ತು ಸಾವಿರ. ಈಗ ಒಂದು ಪ್ರತಿ ಕೆಟ್ಟು ಇನ್ನೊಂದು ಚೆನ್ನಾಗಿರುವವರು ಎಷ್ಟು ಮಂದಿ? ಕೆಟ್ಟದ್ದು ತಂದೆಯಿಂದಲೂ ಬಂದಿರಬಹುದು, ತಾಯಿಯಿಂದಲೂ ಬಂದಿರಬಹುದು. ಎರಡು ದಾರಿ. ಹಾಗಾಗಿ 100ಕ್ಕೆ ಸುಮಾರು ಎರಡು. ಅಂದರೆ 50 ಜನರಲ್ಲಿ ಒಬ್ಬರು.

ಮತ್ತೊಮ್ಮೆ ಓದಿ ನೋಡಿ. ಕಾಯಿಲೆ ಇರುವವರು ಹತ್ತು ಸಾವಿರಕ್ಕೊಬ್ಬರು. ಅದನ್ನು ಒಳಗೆ ಇಟ್ಟುಕೊಂಡು, ಏನೂ ಗೊತ್ತಾಗದೆ, ಆರೋಗ್ಯವಾಗಿ ಓಡಾಡುವವರು ಐವತ್ತಕ್ಕೊಬ್ಬರು. ಒಂದು ದೊಡ್ಡ ಬಸ್ಸಿನಲ್ಲಿ ಒಬ್ಬರು.

ನನಗೆ ಹತ್ತಿರದ ಒಂದು ಮನೆಯಲ್ಲಿ ಇಂಥ ಕಾಯಿಲೆಯ ಮಗು ಹುಟ್ಟಿತು. ನಮ್ಮ ಕಡೆ ಯಾರಿಗೂ ಇರಲಿಲ್ಲ ಎಂದು ಎರಡೂ ಕಡೆಯವರು ಹೇಳಿದರು. ಇಬ್ಬರೂ ಹೇಳಿದ್ದು ನಿಜವೇ. ಆದರೆ ಆ ಮಾತು ತಾಯಿಯ ಎದೆಗೆ ಬಂದು ನಾಟಿದ್ದು ತಾನೇ ಏನೋ ತಪ್ಪು ಮಾಡಿದೆ ಅನ್ನುವ ರೂಪದಲ್ಲಿ. ಬಸುರಿಯಿದ್ದಾಗ ತಿಂದದ್ದು, ನಡೆದದ್ದು, ಮಲಗಿದ್ದು, ಎಲ್ಲವನ್ನೂ ಆಕೆ ಹಿಂದಕ್ಕೆ ತಿರುಗಿ ತಿರುಗಿ ಹುಡುಕುತ್ತಿದ್ದಳು. ಆಗ ನನಗೆ ಈ ಲೆಕ್ಕ ಗೊತ್ತಿರಲಿಲ್ಲ, ಸುಮ್ನೆ ಪಕ್ಕದಲ್ಲಿ ಕೂತಿದ್ದೆ. ಈಗ ಗೊತ್ತು. ಐವತ್ತರಲ್ಲೊಬ್ಬರು ಐವತ್ತರಲ್ಲೊಬ್ಬರನ್ನು ಭೇಟಿಯಾಗುವುದು 2,500 ಜೋಡಿಗೊಂದು. ಅಂಥ ಜೋಡಿಗೆ ಹುಟ್ಟುವ ಮಗುವಿಗೆ ಎರಡೂ ಕೆಟ್ಟ ಪ್ರತಿ ಹೋಗುವುದು ನಾಲ್ಕರಲ್ಲಿ ಒಂದು ಸಲ. ಎರಡನ್ನೂ ಗುಣಿಸಿದರೆ ಮತ್ತೆ ಅದೇ ಹತ್ತು ಸಾವಿರಕ್ಕೊಂದು. ಇದರಲ್ಲಿ ಯಾರ ತಪ್ಪಿಗೂ ಜಾಗವೇ ಇಲ್ಲ. ಆಮೇಲೊಂದು ದಿನ ಕಾಗದದ ಮೇಲೆ ಬರೆದು ತೋರಿಸಿದೆ. ಆಕೆ ಬಹಳ ಹೊತ್ತು ಆ 50 ಅನ್ನುವ ಸಂಖ್ಯೆಯನ್ನೇ ನೋಡಿದಳು. ಕಾಯಿಲೆಗೆ ಇದರಿಂದ ಏನೂ ಆಗಲಿಲ್ಲ. ಆಕೆ ಹುಡುಕುವುದನ್ನು ಮಾತ್ರ ನಿಲ್ಲಿಸಿದಳು.

ಇದೇ ಲೆಕ್ಕ ಇನ್ನೊಂದು ಕಡೆಯೂ ಉತ್ತರ ಕೊಡುತ್ತದೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಹಲವು ದೇಶಗಳು ವಂಶ ಶುದ್ಧಿಯ ಹೆಸರಲ್ಲಿ ಜನರಿಗೆ ಬಲವಂತವಾಗಿ ಸಂತಾನಹರಣ ಮಾಡಿದವು. ಅಮೆರಿಕದ ಇಂಡಿಯಾನಾ ರಾಜ್ಯ ಇದಕ್ಕೆ 1907ರಲ್ಲೇ ಕಾನೂನು ಮಾಡಿತ್ತು. ಅದು ಕ್ರೂರ ಅನ್ನುವುದಕ್ಕೆ ಗಣಿತ ಬೇಕಾಗಿಲ್ಲ. ಆದರೆ ಕಾಯಿಲೆ ಇರುವವರಿಗೆ ಯಾರಿಗೂ ಮಕ್ಕಳಾಗದಂತೆ ತಲೆಮಾರು ತಲೆಮಾರಿಗೂ ತಡೆದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಕೆಟ್ಟ ಪ್ರತಿಯ ಪಾಲು ಈಗ 100ಕ್ಕೊಂದು. ಒಂದು ತಲೆಮಾರಿನ ನಂತರ 101ಕ್ಕೊಂದು. ಇನ್ನೊಂದು ತಲೆಮಾರಿಗೆ 102ಕ್ಕೊಂದು. ಅರ್ಧಕ್ಕೆ ಇಳಿಯಲು ಬೇಕಾದದ್ದು ನೂರು ತಲೆಮಾರು, ಅಂದರೆ ಎರಡು ಸಾವಿರ ವರ್ಷಕ್ಕೂ ಜಾಸ್ತಿ. ಯಾಕೆಂದರೆ ಕೆಟ್ಟ ಪ್ರತಿಗಳು ಹೆಚ್ಚುಕಡಿಮೆ ಎಲ್ಲವೂ ಇರುವುದು ಆರೋಗ್ಯವಾಗಿರುವವರ ಒಳಗೆ. ಪನೆಟ್ ಕೂಡ 1917ರಲ್ಲಿ ಇಂಥ ಲೆಕ್ಕ ಹಾಕಿ ತೋರಿಸಿದ್ದ. ಆದರೂ ಆ ಕಾನೂನುಗಳು ದಶಕಗಟ್ಟಲೆ ನಡೆದವು. ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈಗ ಒಂದು ಜೂಜಿನ ಯಂತ್ರದ ಕತೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್‌ಗಳಿವೆ. ತಟ್ಟೆ ತುಂಬ ಬ್ಯಾಕ್ಟೀರಿಯಾ ಬೆಳೆಸಿ ಮೇಲೆ ಆ ವೈರಸ್ ಸುರಿದರೆ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ಎಲ್ಲೋ ಕೆಲವು ಮಾತ್ರ ಉಳಿದು ಬೆಳೆಯುತ್ತವೆ. ಆ ಕೆಲವಕ್ಕೆ ಉಳಿಯುವ ಶಕ್ತಿ ಬಂದದ್ದು ಯಾವಾಗ? ವೈರಸ್ ಮೈಮೇಲೆ ಬಂದಾಗ ಅದನ್ನು ಎದುರಿಸಿ ಕಲಿತುಕೊಂಡವೇ? ಅಥವಾ ವೈರಸ್ ಬರುವ ಮೊದಲೇ ಆಕಸ್ಮಿಕವಾಗಿ ಬದಲಾಗಿದ್ದವೇ? ನೋಡಿದರೆ ಗೊತ್ತಾಗುವ ವಿಷಯವಲ್ಲ. ಯಾವುದಕ್ಕೆ ಶಕ್ತಿ ಇದೆ ಅಂತ ತಿಳಿಯಬೇಕಾದರೆ ವೈರಸ್ ಸುರಿಯಲೇಬೇಕು, ಸುರಿದ ಮೇಲೆ ಮೊದಲು ಹೇಗಿತ್ತು ಅಂತ ಹೇಳಲಾಗದು.

ಇಟಲಿಯಿಂದ ಅಮೆರಿಕಕ್ಕೆ ತಪ್ಪಿಸಿಕೊಂಡು ಬಂದಿದ್ದ ಸಾಲ್ವಡೋರ್ ಲೂರಿಯಾ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದ್ದ. ಅಧ್ಯಾಪಕರ ಒಂದು ನೃತ್ಯಕೂಟದಲ್ಲಿ ಸಹೋದ್ಯೋಗಿಯೊಬ್ಬ ಜೂಜಿನ ಯಂತ್ರಕ್ಕೆ ನಾಣ್ಯ ಹಾಕುತ್ತಾ ನಿಂತಿದ್ದನ್ನು ಅವನು ನೋಡುತ್ತಿದ್ದ. ಹಾಕಿದ, ಏನೂ ಬರಲಿಲ್ಲ. ಮತ್ತೆ ಹಾಕಿದ, ಏನೂ ಇಲ್ಲ. ಆಮೇಲೆ ಒಮ್ಮೆಲೇ ಗಳಗಳ ಅಂತ ನಾಣ್ಯ ಸುರಿಯಿತು. ಲೂರಿಯಾಗೆ ಅಲ್ಲೇ ಉತ್ತರ ಸಿಕ್ಕಿತು.

ವಿಷಯ ಇಷ್ಟು. ಒಂದು ದೊಡ್ಡ ಪಾತ್ರೆಯ ಬದಲು ಇಪ್ಪತ್ತು ಪುಟ್ಟ ಕೊಳವೆಗಳಲ್ಲಿ ಬೇರೆ ಬೇರೆಯಾಗಿ ಬ್ಯಾಕ್ಟೀರಿಯಾ ಬೆಳೆಸಿ. ಒಂದೊಂದನ್ನೂ ಒಂದೊಂದು ತಟ್ಟೆಗೆ ಸುರಿದು ವೈರಸ್ ಹಾಕಿ. ವೈರಸ್ ಬಂದ ಮೇಲೆ ಕಲಿಯುವುದಾದರೆ ಎಲ್ಲ ತಟ್ಟೆಗಳಲ್ಲೂ ಹೆಚ್ಚುಕಡಿಮೆ ಅಷ್ಟಷ್ಟೇ ಉಳಿಯಬೇಕು, ಒಂದೇ ಮಳೆಗೆ ಇಟ್ಟ ಇಪ್ಪತ್ತು ಬಟ್ಟಲುಗಳ ಹಾಗೆ. ಆದರೆ ಮೊದಲೇ ಆಕಸ್ಮಿಕವಾಗಿ ಬದಲಾಗುವುದಾದರೆ, ಯಾವುದೋ ಕೊಳವೆಯಲ್ಲಿ ಆ ಬದಲಾವಣೆ ತೀರಾ ಮುಂಚೆಯೇ ಆಗಿರುತ್ತದೆ, ಆ ಒಂದು ಬ್ಯಾಕ್ಟೀರಿಯಾಗೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಹುಟ್ಟಿ ದೊಡ್ಡ ಸಂಸಾರವೇ ಆಗಿರುತ್ತದೆ. ಉಳಿದ ಕೊಳವೆಗಳಲ್ಲಿ ಸೊನ್ನೆ. ಜೂಜಿನ ಯಂತ್ರದ ಹಾಗೆ.

ಅವನು, ಗಣಿತದ ಭಾಗ ಬರೆದ ಮ್ಯಾಕ್ಸ್ ಡೆಲ್‌ಬ್ರುಕ್ ಸೇರಿ 1943ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಸಂಖ್ಯೆಗಳು ಹೀಗಿವೆ. ಇಪ್ಪತ್ತು ಕೊಳವೆ. ಹನ್ನೊಂದರಲ್ಲಿ ಸೊನ್ನೆ. ಕೆಲವದರಲ್ಲಿ ಒಂದು, ಮೂರು, ಐದು, ಆರು. ಒಂದರಲ್ಲಿ 35, ಒಂದರಲ್ಲಿ 64, ಒಂದರಲ್ಲಿ 107. ಸರಾಸರಿ ಬರೀ 11. ಆ ಏರುಪೇರೇ ಉತ್ತರ. ಬದಲಾವಣೆ ವೈರಸ್ ಬರುವ ಮೊದಲೇ ಆಗಿತ್ತು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಏನೆಂದರೆ, ಯಾರೂ ಯಾವ ಜೀನನ್ನೂ ನೋಡಲಿಲ್ಲ. ಡಿಎನ್‌ಎಯ ರಚನೆ ಗೊತ್ತಾದದ್ದೇ ಹತ್ತು ವರ್ಷದ ನಂತರ. ಸಾಮಾನ್ಯವಾಗಿ ನಾವು ಸರಾಸರಿ ತೆಗೆದು ಏರುಪೇರನ್ನು ತಪ್ಪು ಎಂದು ಬದಿಗೆ ತಳ್ಳುತ್ತೇವೆ. ಲೂರಿಯಾ ಸರಾಸರಿಯನ್ನು ಬಿಟ್ಟು ಏರುಪೇರನ್ನೇ ಓದಿದ. ಕಳೆದುಹೋದ ಒಂದು ಘಟನೆಯ ಸಮಯ ಆ ಏರುಪೇರಿನಲ್ಲಿ ಬರೆದಿತ್ತು.

ಐವತ್ತು ವರ್ಷದ ನಂತರ ಅದೇ ಥರದ ಲೆಕ್ಕ ಜನರ ಪ್ರಾಣ ಉಳಿಸಿತು. ಎಚ್‌ಐವಿ ಮೈಗೆ ಹೊಕ್ಕ ಮೇಲೆ ವರ್ಷಗಟ್ಟಲೆ ಹೊರಗೆ ಏನೂ ಕಾಣಿಸುವುದಿಲ್ಲ. ರಕ್ತದಲ್ಲಿ ವೈರಸ್ ಮಟ್ಟ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ವೈರಸ್ ನಿದ್ದೆ ಮಾಡುತ್ತಿದೆ ಎಂದೇ ಬಹಳ ಜನ ತಿಳಿದಿದ್ದರು. ತೊಟ್ಟಿಯಲ್ಲಿ ನೀರಿನ ಮಟ್ಟ ಅಲುಗಾಡದೆ ನಿಂತಿದೆ ಅಂದುಕೊಳ್ಳಿ. ಎರಡು ಅರ್ಥ ಸಾಧ್ಯ. ನಲ್ಲಿಯೂ ಮುಚ್ಚಿದೆ, ಕೆಳಗಿನ ತೂತೂ ಮುಚ್ಚಿದೆ. ಇಲ್ಲವೇ ಎರಡೂ ಪೂರ್ತಿ ತೆರೆದಿವೆ, ಬಂದಷ್ಟೇ ಹೋಗುತ್ತಿದೆ. ತಿಳಿಯುವುದು ಹೇಗೆ? ನಲ್ಲಿ ಮುಚ್ಚಿ, ಮಟ್ಟ ಎಷ್ಟು ಬೇಗ ಇಳಿಯುತ್ತದೆ ನೋಡಬೇಕು.

ವೈದ್ಯ ಡೇವಿಡ್ ಹೋ ಮತ್ತು ಗಣಿತದ ಕಡೆಯ ಅಲನ್ ಪೆರೆಲ್ಸನ್ 1995 ಮತ್ತು 96ರಲ್ಲಿ ಮಾಡಿದ್ದು ಇದನ್ನೇ. ಹೊಸ ವೈರಸ್ ತಯಾರಾಗದಂತೆ ತಡೆಯುವ ಔಷಧ ಕೊಟ್ಟು, ರಕ್ತ ಮತ್ತೆ ಮತ್ತೆ ಪರೀಕ್ಷಿಸಿ, ಇಳಿಯುವ ಗೆರೆಗೆ ಸಮೀಕರಣ ಹೊಂದಿಸಿದರು. ಮಟ್ಟ ದಬ್ಬನೆ ಇಳಿಯಿತು. ಲೆಕ್ಕ ಹೇಳಿದ್ದು: ಒಬ್ಬ ರೋಗಿಯ ಮೈಯಲ್ಲಿ ದಿನಕ್ಕೆ ಸುಮಾರು 1,000 ಕೋಟಿ ವೈರಸ್ ಕಣ ಹುಟ್ಟುತ್ತಿವೆ, ಅಷ್ಟೇ ಸಾಯುತ್ತಿವೆ. ನಿದ್ದೆಯಲ್ಲ, ದಿನಾ ಬೆಳಗಿನಿಂದ ರಾತ್ರಿವರೆಗೆ ಯುದ್ಧ.

ಇಲ್ಲಿಂದ ಮುಂದಿನ ಒರಟು ಲೆಕ್ಕ ನೀವೇ ಹಾಕಬಹುದು. ಆ ವೈರಸ್ಸಿನ ಬರಹ, ಅಂದರೆ ಅದರ ಜೀನುಗಳ ಪೂರ್ತಿ ಸಂಕೇತ, ಸುಮಾರು 10,000 ಅಕ್ಷರ. ನಕಲು ಮಾಡುವಾಗ ಹತ್ತಿರಹತ್ತಿರ 30,000 ಅಕ್ಷರಕ್ಕೊಂದು ತಪ್ಪಾಗುತ್ತದೆ. ಒಂದು ಔಷಧದಿಂದ ತಪ್ಪಿಸಿಕೊಳ್ಳಲು ಒಂದು ಅಕ್ಷರ ಬದಲಾದರೆ ಸಾಕು ಅಂದುಕೊಳ್ಳಿ. ದಿನಕ್ಕೆ 1,000 ಕೋಟಿ ಕಣಗಳಲ್ಲಿ ಅಂಥದ್ದು ಲಕ್ಷಗಟ್ಟಲೆ ಸಿಗುತ್ತದೆ. ಎರಡು ಔಷಧವಾದರೆ ಎರಡು ನಿರ್ದಿಷ್ಟ ತಪ್ಪು ಒಟ್ಟಿಗೆ ಆಗಬೇಕು, 90 ಕೋಟಿಗೊಂದು. ದಿನಕ್ಕೆ ಹತ್ತಾದರೂ ಸಿಗುತ್ತವೆ. ಮೂರು ಔಷಧ ಒಟ್ಟಿಗೆ ಕೊಟ್ಟರೆ? 27 ಲಕ್ಷ ಕೋಟಿಗೊಂದು. ಅದಕ್ಕೆ ವರ್ಷಗಟ್ಟಲೆ ಬೇಕು, ಅಷ್ಟರಲ್ಲಿ ಔಷಧದಿಂದ ವೈರಸ್ ಹುಟ್ಟುವುದೇ ನೆಲಕಚ್ಚಿರುತ್ತದೆ. ಒಂದೊಂದೇ ಔಷಧ ಕೊಟ್ಟು ಸೋತಿದ್ದರಲ್ಲ, ಯಾಕೆ ಸೋತರು ಅನ್ನುವುದು ಈ ನಾಲ್ಕು ಸಾಲಿನಲ್ಲಿದೆ. 1996ರಿಂದ ಮೂರು ಔಷಧಗಳ ಚಿಕಿತ್ಸೆ ಹರಡಿದ ಮೇಲೆ, ಸಾಯಲು ಸಿದ್ಧರಾಗಿದ್ದವರು ಎದ್ದು ಮನೆಗೆ ಹೋದರು.

ಇಷ್ಟು ಓದಿದ ಮೇಲೆ ಗಣಿತ ಹೇಳಿದ್ದೆಲ್ಲ ಜೀವಿಗಳಲ್ಲಿ ನಿಜವಾಗುತ್ತದೆ ಅಂತ ಅನ್ನಿಸಬಹುದು. ಹಾಗಿಲ್ಲ. ಅದನ್ನೂ ಹೇಳಲೇಬೇಕು, ಯಾಕೆಂದರೆ ಗಣಿತ ಮತ್ತು ಪ್ರಕೃತಿ ಅಂತ ಹುಡುಕಿದರೆ ಮೊದಲು ಸಿಗುವುದು ಸುವರ್ಣ ಅನುಪಾತದ (ಸುಮಾರು 1.618) ಚಿತ್ರಗಳು, ಅದರಲ್ಲಿ ಜೊಳ್ಳು ಜಾಸ್ತಿ. ಸೂರ್ಯಕಾಂತಿಯ ವಿಷಯ ನಿಜ. ಅದರ ಬೀಜಗಳ ಸುರುಳಿ ಎಣಿಸಿದರೆ ಒಂದು ಕಡೆಗೆ 34, ಇನ್ನೊಂದು ಕಡೆಗೆ 55 ಬರುವುದು ಸಾಮಾನ್ಯ. ಹಿಂದಿನ ಎರಡನ್ನು ಕೂಡುತ್ತಾ ಹೋಗುವ ಸಾಲಿನಲ್ಲಿ (5, 8, 13, 21, 34, 55) ಇವು ಬರುತ್ತವೆ. ಛಂದಸ್ಸು ಓದಿದವರಿಗೆ ಈ ಸಾಲು ಪರಿಚಯದ್ದೇ. ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು ಬಳಸಿ ನಾಲ್ಕು ಮಾತ್ರೆಗಳನ್ನು ಐದು ಬಗೆಯಲ್ಲಿ ತುಂಬಬಹುದು, ಐದು ಮಾತ್ರೆಗಳನ್ನು ಎಂಟು ಬಗೆಯಲ್ಲಿ, ಆರನ್ನು ಹದಿಮೂರು ಬಗೆಯಲ್ಲಿ. ಜೈನ ವಿದ್ವಾಂಸ ಹೇಮಚಂದ್ರ ಇದನ್ನು ಹನ್ನೆರಡನೇ ಶತಮಾನದಲ್ಲೇ ಹೇಳಿದ್ದಾನೆ. ಸೂರ್ಯಕಾಂತಿಗೆ ಈ ಸಂಖ್ಯೆ ಬರುವುದಕ್ಕೆ ಕಾರಣವೂ ಇದೆ. ಹೊಸ ಮೊಗ್ಗು ಹಳೆಯ ಮೊಗ್ಗುಗಳಿಂದ ದೂರ ಸರಿದು ಜಾಗ ಸಿಕ್ಕ ಕಡೆ ಏಳುತ್ತದೆ, ಅಷ್ಟೇ. 1992ರಲ್ಲಿ ಫ್ರಾನ್ಸಿನ ಇಬ್ಬರು ಭೌತವಿಜ್ಞಾನಿಗಳು, ದುವಾದಿ ಮತ್ತು ಕೂಡೇ, ಒಂದನ್ನೊಂದು ದೂರ ತಳ್ಳುವ ಕಾಂತೀಯ ಹನಿಗಳನ್ನು ಎಣ್ಣೆಯ ತಟ್ಟೆಗೆ ಒಂದೊಂದಾಗಿ ಬೀಳಿಸಿದರು. ಗಿಡವೇ ಇಲ್ಲದೆ ಅವೇ ಸುರುಳಿಗಳು ಬಂದವು. ಆದರೆ ನಾಟಿಲಸ್ ಶಂಖದಲ್ಲಿ ಸುವರ್ಣ ಅನುಪಾತ ಇದೆ ಅನ್ನುವುದು ಸರಿಯಲ್ಲ. ಅಳೆದರೆ ಹೊಂದುವುದಿಲ್ಲ. ಅಳೆಯದೇ ಮೆಚ್ಚುವುದರಿಂದ ಗಣಿತಕ್ಕೂ ಉಪಕಾರವಿಲ್ಲ, ಶಂಖಕ್ಕೂ ಇಲ್ಲ.

ಇದಕ್ಕಿಂತ ದೊಡ್ಡ ಪಾಠ 1957ರದ್ದು. ಜೀವಿಗಳ ಬರಹದಲ್ಲಿ ನಾಲ್ಕೇ ಅಕ್ಷರ, ಅವು ಸೂಚಿಸಬೇಕಾದ, ಪ್ರೋಟೀನು ಕಟ್ಟುವ ಅಮೈನೋ ಆಮ್ಲಗಳು 20. ಎರಡೆರಡು ಅಕ್ಷರದ ಪದಗಳಾದರೆ 16 ಮಾತ್ರ, ಸಾಲದು. ಮೂರು ಮೂರಾದರೆ 64, ತೀರಾ ಜಾಸ್ತಿ. ಪದಗಳ ನಡುವೆ ಜಾಗ ಇಲ್ಲದೆ ಎಲ್ಲ ಒಟ್ಟಿಗೆ ಅಂಟಿಸಿ ಬರೆದಿದೆ, ಎಲ್ಲಿಂದ ಓದಬೇಕು ಅಂತ ಗೊತ್ತಾಗುವುದು ಹೇಗೆ? ಡಿಎನ್‌ಎಯ ರಚನೆ ಕಂಡುಹಿಡಿದವರಲ್ಲೊಬ್ಬನಾದ ಫ್ರಾನ್ಸಿಸ್ ಕ್ರಿಕ್ ಮತ್ತು ಇಬ್ಬರು ಗೆಳೆಯರು ಒಂದು ಜಾಣ ಉತ್ತರ ಕೊಟ್ಟರು. ತಪ್ಪು ಜಾಗದಿಂದ ಓದಿದರೆ ಅರ್ಥವೇ ಬರದ ಹಾಗೆ ಪದಗಳನ್ನು ಆರಿಸಿದರೆ ಆಯಿತಲ್ಲ! ಆಗ ಒಂದೇ ಅಕ್ಷರ ಮೂರು ಸಲ ಬರುವ ನಾಲ್ಕು ಪದ ಬಿಡಬೇಕು, ಉಳಿದದ್ದು 60. ತಿರುಗಿಸಿದರೆ ಒಂದೇ ಆಗುವ ಮೂರು ಮೂರು ಪದಗಳಲ್ಲಿ (ಕಖಗ, ಖಗಕ, ಗಕಖ ಥರ) ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು. 60ನ್ನು ಮೂರರಿಂದ ಭಾಗಿಸಿ. ಸರಿಯಾಗಿ 20.

ಇದನ್ನು ಮೊದಲು ಓದಿದಾಗ ನನಗೆ ಮೈ ಜುಮ್ ಅಂದಿತ್ತು. ಇಷ್ಟು ಚೆಂದದ ಲೆಕ್ಕ ತಪ್ಪಾಗಲು ಸಾಧ್ಯವೇ ಇಲ್ಲ ಅನ್ನಿಸಿತ್ತು. ತಪ್ಪಾಗಿತ್ತು. 1961ರಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಮಥಾಯ್ ಬರೀ 'ಯು' ಅಕ್ಷರವೇ ತುಂಬಿದ, ಪ್ರೋಟೀನು ಕಟ್ಟಲು ಜೀವಕೋಶ ಓದುವ ಬರಹವಾದ ಒಂದು ಆರ್‌ಎನ್‌ಎ ತಯಾರಿಸಿ ಜೀವಕೋಶದ ರಸಕ್ಕೆ ಕೊಟ್ಟರು. ಫಿನೈಲ್ಅಲನೀನ್ ಎಂಬ ಅಮೈನೋ ಆಮ್ಲದ ಸರಪಳಿ ಹೊರಬಂತು. ಒಂದೇ ಅಕ್ಷರದ ಮೂರು, ಅದೇ ಆ ಲೆಕ್ಕ ಮೊದಲು ಹೊಡೆದುಹಾಕಿದ್ದ ಪದ. ನಿಜವಾದ ಸಂಕೇತದಲ್ಲಿ 61 ಪದಗಳಿಗೆ ಅಮೈನೋ ಆಮ್ಲವಿದೆ, ಮೂರು ಪದಗಳಿಗೆ ನಿಲ್ಲು ಎಂಬ ಅರ್ಥ. ಕೆಲವು ಆಮ್ಲಕ್ಕೆ ಆರು ಪದ, ಕೆಲವಕ್ಕೆ ಒಂದೇ. ಓರಣ ಅನ್ನುವುದು ಅಷ್ಟೇನಿಲ್ಲ.

ಹಾರ್ವೆಯ ಗುಣಾಕಾರಕ್ಕೂ ಕ್ರಿಕ್‌ನ ಭಾಗಾಕಾರಕ್ಕೂ ಏನು ವ್ಯತ್ಯಾಸ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಹಾರ್ವೆ ಅಳೆಯಬಹುದಾದ ಎರಡು ಸಂಗತಿ ಹಿಡಿದು, ಇದು ಹೀಗಲ್ಲದೆ ಬೇರೆ ಇರಲಾಗದು ಎಂದ. ಕ್ರಿಕ್ ಮತ್ತು ಗೆಳೆಯರು, ಇದು ಹೀಗಿದ್ದರೆ ಎಷ್ಟು ಚೆನ್ನ ಎಂದರು. ಕೋಟ್ಯಂತರ ವರ್ಷ ಸಿಕ್ಕಿದ್ದನ್ನೇ ಸರಿಮಾಡಿಕೊಂಡು ಬಂದ ಜೀವಿಗಳಿಗೆ ಚೆಂದದ ಹಂಗಿಲ್ಲ.

ಈ ವ್ಯತ್ಯಾಸ ತಕ್ಷಣ ಗೊತ್ತಾಗುವುದಿಲ್ಲ, ಕೆಲವೊಮ್ಮೆ ದಶಕಗಳೇ ಬೇಕು. ಅಲನ್ ಟ್ಯೂರಿಂಗ್ 1952ರಲ್ಲಿ ಒಂದು ಪ್ರಬಂಧ ಬರೆದ. ಗಣಕಯಂತ್ರದ ಕೆಲಸಕ್ಕೆ ಹೆಸರಾದ ಅದೇ ಟ್ಯೂರಿಂಗ್. ಒಂದೇ ಥರ ಇರುವ ಜೀವಕೋಶಗಳ ಹಾಳೆಯ ಮೇಲೆ ಪಟ್ಟೆ, ಚುಕ್ಕೆ ಹೇಗೆ ಮೂಡುತ್ತವೆ ಅನ್ನುವುದು ಪ್ರಶ್ನೆ. ನೀರಿಗೆ ಬಿದ್ದ ಶಾಯಿ ಹರಡಿ ಎಲ್ಲೆಡೆ ಸಮವಾಗುತ್ತದೆ. ಹರಡುವುದು ಅಂದರೆ ಗುರುತು ಅಳಿಯುವುದು ಎಂದೇ ನಾವು ತಿಳಿದಿದ್ದೇವೆ. ಟ್ಯೂರಿಂಗ್ ಹೇಳಿದ್ದು ಇದಕ್ಕೆ ತಿರುಗುಮುರುಗು. ಎರಡು ರಾಸಾಯನಿಕಗಳಿರಲಿ, ಒಂದು ತನ್ನನ್ನೂ ಇನ್ನೊಂದನ್ನೂ ಹೆಚ್ಚಿಸುವಂಥದ್ದು, ಇನ್ನೊಂದು ಅದನ್ನು ತಡೆಯುವಂಥದ್ದು. ತಡೆಯುವುದು ಬೇಗ ಹರಡಿದರೆ, ಹೆಚ್ಚಿಸುವುದು ಅಲ್ಲಲ್ಲೇ ಗುಡ್ಡೆಯಾಗಿ ನಿಲ್ಲುತ್ತದೆ, ನಡುವೆ ಬಯಲು. ಹರಡುವುದರಿಂದಲೇ ಗುರುತು ಮೂಡುತ್ತದೆ. ಎರಡು ವರ್ಷದ ನಂತರ ಟ್ಯೂರಿಂಗ್ ತೀರಿಕೊಂಡ. ಅವನ ಮಾತಿಗೆ ಪ್ರಾಣಿಯ ಮೈಮೇಲೆ ಪುರಾವೆ ಸಿಗಲು ಇನ್ನೂ 41 ವರ್ಷ ಬೇಕಿತ್ತು.

ಸಮೀಕರಣದಿಂದ ಪಟ್ಟೆಗಳೇನೋ ಬರುತ್ತಿದ್ದವು. ಆದರೆ ನಿಜವಾದ ಪ್ರಾಣಿಯಲ್ಲಿ ನಡೆಯುವುದು ಅದೇನಾ? ಹಣ್ಣುನೊಣದ ಭ್ರೂಣದಲ್ಲಿ ಏಳು ಪಟ್ಟೆ ಕಂಡಾಗ ಆಸೆ ಹುಟ್ಟಿತ್ತು. ಪರೀಕ್ಷಿಸಿದರೆ ಆ ಪಟ್ಟೆಗಳಿಗೆ ಬೇರೆ ಬೇರೆ ಸೂಚನೆಗಳೇ ಇದ್ದವು, ಟ್ಯೂರಿಂಗ್ ಹೇಳಿದಂತೆ ತಾವಾಗಿ ಏಳುತ್ತಿರಲಿಲ್ಲ. ಅಲ್ಲಿಗೆ ಬಹಳ ಜೀವಶಾಸ್ತ್ರಜ್ಞರು ಇದನ್ನು ಮರೆತರು.

ಜಪಾನಿನ ಶಿಗೆರು ಕೊಂಡೊ ಮರೆಯಲಿಲ್ಲ. ಟ್ಯೂರಿಂಗ್‌ನ ಲೆಕ್ಕದಲ್ಲಿ ಪಟ್ಟೆಯ ಅಗಲ ನಿರ್ಧಾರವಾಗುವುದು ಆ ರಾಸಾಯನಿಕಗಳ ವೇಗದಿಂದ, ಪ್ರಾಣಿಯ ಗಾತ್ರದಿಂದಲ್ಲ. ಜೀಬ್ರಾದ ಪಟ್ಟೆ ಹಾಗಲ್ಲ, ಮರಿ ಬೆಳೆದಂತೆ ಬಲೂನಿನ ಮೇಲಿನ ಗೆರೆಯ ಹಾಗೆ ಅದೂ ಅಗಲವಾಗುತ್ತದೆ. ಟ್ಯೂರಿಂಗ್ ಪಟ್ಟೆ ಬೆಳೆಯುತ್ತಲೇ ಇರುವ ಪ್ರಾಣಿಯ ಮೈಮೇಲೆ ಈಗಲೂ ಜೀವಂತವಾಗಿ ನಡೆಯುತ್ತಿದ್ದರೆ, ಮೈ ದೊಡ್ಡದಾದಂತೆ ಅಗಲ ಅಷ್ಟೇ ಇರಬೇಕು, ನಡುನಡುವೆ ಹೊಸ ಪಟ್ಟೆಗಳು ಹುಟ್ಟಬೇಕು. ಹಾಗಾದರೆ ಇರುವ ಪಟ್ಟೆಗಳು ಚಲಿಸಬೇಕು. ಚರ್ಮದ ಮೇಲಿನ ಪಟ್ಟೆ ಚಲಿಸುವುದೆಂದರೇನು, ಯಾರು ನೋಡಿದ್ದಾರೆ?

ಕೊಂಡೊ ಸಮುದ್ರದ ಏಂಜೆಲ್ ಮೀನುಗಳನ್ನು ತೊಟ್ಟಿಯಲ್ಲಿ ಸಾಕಿ ಕಾದ. ದಿನಗಟ್ಟಲೆ ನೋಡಿದರೂ ಕಣ್ಣಿಗೆ ಏನೂ ಅನ್ನಿಸದಷ್ಟು ನಿಧಾನ. ಫೋಟೋ ತೆಗೆದು ತೆಗೆದು ಜೋಡಿಸಬೇಕು. 1995ರಲ್ಲಿ ಅವನೂ ರಿಹಿತೊ ಅಸಾಯ್‌ಯೂ ಆ ಚಿತ್ರಗಳನ್ನು ಪ್ರಕಟಿಸಿದರು. ಒಂದು ಜಾತಿಯ ಮರಿಮೀನು 2 ಸೆಂಟಿಮೀಟರಿನಿಂದ 4 ಸೆಂಟಿಮೀಟರಿಗೆ ಬೆಳೆದಾಗ ಹಳೆಯ ಪಟ್ಟೆಗಳ ನಡುವೆ ಹೊಸವು ಎದ್ದಿದ್ದವು. ಇನ್ನೊಂದು ಜಾತಿಯ ಮೀನಿನ ಮೈಮೇಲೆ ಉದ್ದುದ್ದ ಪಟ್ಟೆಗಳು, ಒಂದು ಕಡೆ ಒಂದು ಪಟ್ಟೆ ಕವಲೊಡೆದು ಎರಡಾಗಿತ್ತು. ಗಣಕಯಂತ್ರದಲ್ಲಿ ಟ್ಯೂರಿಂಗ್‌ನ ಸಮೀಕರಣ ಓಡಿಸಿದಾಗ ಆ ಕವಲು ಜಿಪ್ ಬಿಚ್ಚಿದ ಹಾಗೆ ಪಕ್ಕಕ್ಕೆ ಸರಿಯುತ್ತಾ ಹೋಗುತ್ತಿತ್ತು. ತೊಟ್ಟಿಯಲ್ಲಿದ್ದ ಮೀನಿನ ಮೈಮೇಲೂ, ವಾರದಿಂದ ವಾರಕ್ಕೆ, ಕವಲು ಅದೇ ದಿಕ್ಕಿಗೆ ಸರಿಯುತ್ತಿತ್ತು.